ಎದುರಿಗೇ ಒಬ್ಬರು ಕುಸಿದು ಬಿದ್ದಾಗ: ಮೈಸೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಗ್ಯಾಸ್ ಸಂಪರ್ಕ, ನೀರಿನ ಬಿಲ್ಲು, ಮಕ್ಕಳ ವರ್ಗಾವಣೆ ಪತ್ರ ಇವುಗಳ ಬಗ್ಗೆ ಹೊಸಬರು ಸಂಘಕ್ಕೆ ಬಂದು ವಿಚಾರಿಸುತ್ತಾರೆ. ಮನೆಯ ಹಿರಿಯರು ಊಟದ ನಡುವೆ ಕುಸಿದು ಬಿದ್ದರೆ ಏನು ಮಾಡಬೇಕೆಂದು ಯಾರೂ ವಿಚಾರಿಸುವುದಿಲ್ಲ. ಕೇಳದಿದ್ದರೂ ಹೇಳಬೇಕಾದ ವಿಷಯವೆಂದು ಈ ಭಾಗವನ್ನು ಸೇರಿಸಿದ್ದೇವೆ.

ನಮ್ಮಲ್ಲಿ ಬಹುತೇಕರು ರಾಯಚೂರು, ಹಾವೇರಿ, ಕೊಡಗು, ಚಾಮರಾಜನಗರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರೇ ಆದ್ದರಿಂದ, ನೀವು ಊರಿನಿಂದ ಯಾವ ಅಭ್ಯಾಸವನ್ನು ತಂದಿದ್ದೀರಿ ಎಂಬುದು ನಮಗೆ ಗೊತ್ತು. ಆಸ್ಪತ್ರೆ ದೂರವಿದ್ದ ಊರುಗಳಲ್ಲಿ, ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಸಿಕ್ಕಿದ ಗಾಡಿಗೆ ಹಾಕಿಕೊಂಡು ಓಡುವುದೊಂದೇ ದಾರಿಯಾಗಿತ್ತು. ಇಲ್ಲಿಗೆ ಬಂದ ಮೇಲೆ, ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ, ಪೇಟೆಯ ನಡುವೆ ಕೆ.ಆರ್. ಆಸ್ಪತ್ರೆ, ಮಹಾತ್ಮ ಗಾಂಧಿ ರಸ್ತೆಯಲ್ಲಿ ಜೆ.ಎಸ್.ಎಸ್. ಎಲ್ಲವೂ ಕೈಗೆಟುಕುವಂತೆ ಇರುವುದನ್ನು ನೋಡಿ ಆ ಓಟದ ಆತುರ ಇನ್ನಷ್ಟು ಹೆಚ್ಚುತ್ತದೆ. ಹೃದಯದ ಬಡಿತವೇ ನಿಂತುಹೋದವರ ವಿಷಯದಲ್ಲಿ ಈ ಓಟ ಪ್ರಾಣಕ್ಕೆ ಎರವಾಗುತ್ತದೆ. ರಕ್ತ ಹರಿಯುವುದು ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗತೊಡಗುತ್ತದೆ. ಮಹಡಿಯಿಂದ ಇಳಿಸಿ, ಆಟೋ ಕರೆದು, ಒಂದು ಸಿಗ್ನಲ್ ದಾಟುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ. ಆದ್ದರಿಂದ ಬಿದ್ದ ಜಾಗದಲ್ಲೇ ಎದೆ ಒತ್ತಲು ತೊಡಗಬೇಕು, ಆಂಬುಲೆನ್ಸ್ ಅಲ್ಲಿಗೆ ಬರಬೇಕು.

ಮೊದಲ ಹತ್ತು ಸೆಕೆಂಡು

ಹತ್ತಿರ ಹೋಗುವ ಮುನ್ನ ನಿಮಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಂಪಿನ ಮೋಟಾರ್ ಅಥವಾ ಗೀಸರ್ ಪಕ್ಕದಲ್ಲಿ ಬಿದ್ದಿದ್ದರೆ ಮೇನ್ ಸ್ವಿಚ್ ಆರಿಸುವವರೆಗೆ ಅವರನ್ನು ಮುಟ್ಟಬೇಡಿ. ಅನಂತರ ಎರಡೂ ಭುಜಗಳನ್ನು ತಟ್ಟಿ, ಗಟ್ಟಿಯಾಗಿ ಕರೆಯಿರಿ. ಪ್ರತಿಕ್ರಿಯೆ ಇಲ್ಲದಿದ್ದರೆ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ. ಈ ಪರೀಕ್ಷೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು. ಕೈ ಹಿಡಿದು ನಾಡಿ ಹುಡುಕುತ್ತ ಕೂರಬೇಡಿ, ಅಭ್ಯಾಸವಿಲ್ಲದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ.

ಇಲ್ಲಿ ಬಹಳ ಜನ ಮೋಸಹೋಗುವುದು ಮೇಲುಸಿರಿನ ವಿಷಯದಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಬಿಕ್ಕಿದಂತೆ, ಗೊರಕೆ ಹೊಡೆದಂತೆ ಸದ್ದು ಬರಬಹುದು. ‘ಉಸಿರಿದೆ, ಸ್ವಲ್ಪ ಗಾಳಿ ಬಿಡಿ’ ಎಂದು ಎಲ್ಲರೂ ದೂರ ಸರಿಯುತ್ತಾರೆ. ಅದು ಉಸಿರಾಟವಲ್ಲ. ಆರಂಭದಲ್ಲಿ ಕೈಕಾಲು ಅದುರಿ ಮೂರ್ಛೆರೋಗದಂತೆ ಕಾಣುವುದೂ ಉಂಟು. ಅದುರುವುದು ನಿಂತ ಕೂಡಲೇ ಉಸಿರನ್ನು ಮತ್ತೆ ನೋಡಬೇಕು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಅಂಗಾಲು ಉಜ್ಜುವುದು ಇವೆಲ್ಲ ಅಜ್ಜಿಯಂದಿರ ಪ್ರೀತಿಯಿಂದ ಬಂದ ಕ್ರಮಗಳು, ಆದರೆ ಇಲ್ಲಿ ಕೆಲಸಕ್ಕೆ ಬಾರವು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನಾಗಲಿ, ಸಕ್ಕರೆಯನ್ನಾಗಲಿ, ತೀರ್ಥವನ್ನಾಗಲಿ ಖಂಡಿತ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಪ್ರಜ್ಞೆಯಿಲ್ಲ, ಆದರೆ ಉಸಿರಾಟ ಸಹಜವಾಗಿದೆ ಎಂದಾದರೆ ಒಂದು ಮಗ್ಗುಲಿಗೆ ಹೊರಳಿಸಿ, ಉಸಿರನ್ನು ಗಮನಿಸುತ್ತಿರಿ. ಎಚ್ಚರವಿದ್ದು ಎದೆನೋವು ಎನ್ನುತ್ತಿರುವವರ ಎದೆ ಒತ್ತಬಾರದು. ಅವರನ್ನು ಕೂರಿಸಿ ಆಂಬುಲೆನ್ಸ್ ಕರೆಯಬೇಕು.

ಕರೆ ಮಾಡುವುದು ಮತ್ತು ವಿಳಾಸ ಹೇಳುವುದು

ಆಂಬುಲೆನ್ಸ್: 108.
ಎಲ್ಲ ತುರ್ತು ಸೇವೆ: 112.
ವಿದ್ಯುತ್ ಅವಘಡವಾದರೆ ಜೊತೆಗೆ ಚೆಸ್ಕಾಂ: 1912.

108ಕ್ಕೆ ಇಡೀ ರಾಜ್ಯದಿಂದ ಕರೆಗಳು ಹೋಗುತ್ತವೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಜಯನಗರ, ವಿಜಯನಗರ, ಜೆ.ಪಿ. ನಗರ, ಹೆಬ್ಬಾಳ ಈ ನಾಲ್ಕೂ ಹೆಸರಿನ ಬಡಾವಣೆಗಳು ಮೈಸೂರಿನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಆದ್ದರಿಂದ ನಿಮ್ಮ ಬಾಯಿಂದ ಮೊದಲು ಬರಬೇಕಾದ ಪದ ‘ಮೈಸೂರು’. ಅನಂತರ ಬಡಾವಣೆ, ಅನಂತರ ಹಂತ ಅಥವಾ ಬ್ಲಾಕ್, ಅನಂತರ ಮೇನ್, ಕ್ರಾಸ್, ಕೊನೆಗೆ ಮನೆಯ ಸಂಖ್ಯೆ. ಈ ಊರಿನಲ್ಲಿ ಹಂತವನ್ನು ಬಿಟ್ಟು ಹೇಳಿದ ವಿಳಾಸ ವಿಳಾಸವೇ ಅಲ್ಲ. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ತಂದೆಯವರು ಬಿದ್ದಾಗ ಗಾಬರಿಯಲ್ಲಿ ‘ವಿಜಯನಗರ, ಐದನೇ ಕ್ರಾಸ್’ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು; ಗಾಡಿ ಬೇರೊಂದು ಹಂತದ ಐದನೇ ಕ್ರಾಸಿನಲ್ಲಿ ನಿಂತು ಮನೆ ಹುಡುಕುತ್ತಿತ್ತು. ಆ ಸಂಜೆಯ ನಂತರವೇ ಸಂಘವು ಪ್ರತಿ ಹೊಸ ಕುಟುಂಬಕ್ಕೂ ವಿಳಾಸದ ಚೀಟಿ ಬರೆಸುವ ಪದ್ಧತಿ ತಂದಿತು. ಪೂರ್ಣ ವಿಳಾಸವನ್ನು, ಆಟೋದವರಿಗೂ ತಿಳಿಯುವ ಒಂದು ಗುರುತಿನೊಡನೆ, ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಗುರುತು ಹೇಳುವಾಗ ‘ನಮ್ಮ ಗಣಪತಿ ದೇವಸ್ಥಾನ’ ಎನ್ನಬೇಡಿ. ಮೈಸೂರಿನಲ್ಲಿ ಗಣಪತಿ ದೇವಸ್ಥಾನವಿಲ್ಲದ ಬೀದಿ ಯಾವುದಿದೆ? ಊರಿನಿಂದ ಬಂದ ಅತ್ತೆ ಮಾವಂದಿರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಆ ಚೀಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಫೋನಿನ ಲಾಕ್ ತೆಗೆಯದೆಯೇ ತುರ್ತು ಕರೆ ಮಾಡಬಹುದೆಂಬುದನ್ನೂ ಅವರಿಗೆ ತೋರಿಸಿಕೊಡಿ.

ಫೋನನ್ನು ಸ್ಪೀಕರಿನಲ್ಲಿ ಇಟ್ಟು ನೆಲದ ಮೇಲಿಡಿ. ಅವರೇ ಹೇಳುವವರೆಗೆ ಕರೆಯನ್ನು ಮುಗಿಸಬೇಡಿ. ಒಬ್ಬರು ರಸ್ತೆಯ ತಿರುವಿನಲ್ಲಿ ನಿಂತು ಕೈಬೀಸಲಿ, ಒಬ್ಬರು ಗೇಟು ತೆರೆದು ನಾಯಿಯನ್ನು ಕಟ್ಟಲಿ. ಸುತ್ತ ನಿಂತು ‘ಯಾರ ಮನೆಯವರು, ಏನು ಕೆಲಸದಲ್ಲಿದ್ದಾರೆ’ ಎಂದು ವಿಚಾರಿಸುವವರಿಗೆ ಈ ಎರಡು ಕೆಲಸಗಳನ್ನು ಧಾರಾಳವಾಗಿ ಹಂಚಬಹುದು.

ಎದೆ ಒತ್ತುವ ಕ್ರಮ

ಮಂಚದ ಮೇಲೋ ಸೋಫಾದಲ್ಲೋ ಇದ್ದರೆ ನೆಲಕ್ಕೆ ಇಳಿಸಿ ಅಂಗಾತ ಮಲಗಿಸಿ. ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆಯೇ ಹೊರತು ಎದೆ ತಗ್ಗುವುದಿಲ್ಲ. ತಲೆಯ ಕೆಳಗಿನ ದಿಂಬನ್ನು ತೆಗೆಯಿರಿ. ಪಕ್ಕದಲ್ಲಿ ಮಂಡಿಯೂರಿ, ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು ಬೆರಳುಗಳನ್ನು ಹೆಣೆದುಕೊಳ್ಳಿ. ಚಪಾತಿ ಹಿಟ್ಟು ನಾದುವಂತೆ ಮೊಣಕೈ ಮಡಿಸಿ ಒತ್ತಬಾರದು. ಕೈಗಳು ನೇರವಾಗಿದ್ದು, ನಿಮ್ಮ ಭುಜ ಅವರ ಎದೆಯ ಮೇಲೆ ನೇರ ಬಂದು, ಮೈಭಾರವೇ ಇಳಿಯಬೇಕು. ವಯಸ್ಕರಲ್ಲಿ ಎದೆ ಕನಿಷ್ಠ 5 ಸೆಂಟಿಮೀಟರ್ ತಗ್ಗಬೇಕು, 6ನ್ನು ಮೀರಬಾರದು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಏಕೆಂದರೆ ಹೃದಯಕ್ಕೆ ರಕ್ತ ಮತ್ತೆ ತುಂಬುವುದು ಆಗಲೇ.

ವೇಗ ನಿಮಿಷಕ್ಕೆ 100ರಿಂದ 120. ಗಟ್ಟಿಯಾಗಿ ಎಣಿಸಿ, ಆದರೆ ಹತ್ತರವರೆಗೆ ಮಾತ್ರ ಎಣಿಸಿ ಮತ್ತೆ ಒಂದರಿಂದ ಆರಂಭಿಸಿ. ‘ಇಪ್ಪತ್ತಮೂರು, ಇಪ್ಪತ್ತನಾಲ್ಕು’ ಎನ್ನತೊಡಗಿದರೆ ನಾಲಿಗೆಯ ಜೊತೆ ಕೈಯೂ ನಿಧಾನವಾಗುತ್ತದೆ. ಸರಿಯಾಗಿ ಒತ್ತಿದವರು ಎರಡು ನಿಮಿಷಕ್ಕೆ ದಣಿಯುತ್ತಾರೆ, ಹೀಗಾಗಿ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ, ನಡುವೆ ಬಿಡುವು ಆಗದಿರಲಿ. ಪಕ್ಕೆಲುಬು ಲಟಕ್ಕೆಂದು ಮುರಿದ ಸದ್ದು ಕೇಳಿದರೂ ನಿಲ್ಲಿಸಬೇಡಿ. ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಬಿದ್ದವರು ಹೆಂಗಸಾಗಿದ್ದರೆ ಗಂಡಸರೂ, ಗಂಡಸಾಗಿದ್ದರೆ ಹೆಂಗಸರೂ ಮುಟ್ಟಲು ಹಿಂಜರಿಯುವುದನ್ನು ನಮ್ಮ ತರಬೇತಿಯಲ್ಲೇ ಕಾಣುತ್ತೇವೆ. ಈ ಸಂಕೋಚ ಕೂಡದು. ತಾಳಿಸರವನ್ನು ಬಿಚ್ಚಬೇಕಾಗಿಲ್ಲ, ಪಕ್ಕಕ್ಕೆ ಸರಿಸಿದರೆ ಸಾಕು.

ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಕಲಿತವರಿಗೆ ಮಾತ್ರ: 30 ಒತ್ತಿಗೆ 2 ಉಸಿರು. ಕಲಿಯದವರು ಎಡೆಬಿಡದೆ ಎದೆ ಒತ್ತುತ್ತಿದ್ದರೆ ಸಾಕು. ಶ್ರೀರಂಗಪಟ್ಟಣದ ಕಾವೇರಿಯಲ್ಲೋ ನಾಲೆಯಲ್ಲೋ ಮುಳುಗಿದವರಿಗಾದರೆ ಉಸಿರು ಕೊಡುವುದು ಬಹಳ ಮುಖ್ಯ. ಹೊಟ್ಟೆ ಅಮುಕಿ ನೀರು ತೆಗೆಯುವ ಪದ್ಧತಿಯನ್ನು ಬಿಡಬೇಕು. ಹೃದಯದ ಬಡಿತ ಸರಿಪಡಿಸಲು ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಹತ್ತಿರದಲ್ಲಿದ್ದರೆ ಒಬ್ಬರು ತರಲಿ. ಚಾಲೂ ಮಾಡಿದರೆ ಅದೇ ಹೇಳಿಕೊಡುತ್ತದೆ. ಚಿಕ್ಕ ಮಕ್ಕಳ ಕ್ರಮ ಬೇರೆ, ಅದು ಇಲ್ಲಿಲ್ಲ.

ಪೊಲೀಸ್ ಮತ್ತು ಕೋರ್ಟಿನ ಭಯ

‘ಮುಟ್ಟಿದರೆ ಸಾಕ್ಷಿಗೆ ಅಲೆಯಬೇಕಾಗುತ್ತದೆ’ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ನೆರವಾದವರನ್ನು ರಕ್ಷಿಸಲು ಕರ್ನಾಟಕವು 2016ರಲ್ಲೇ ಪ್ರತ್ಯೇಕ ಕಾನೂನು ರೂಪಿಸಿದೆ. ರಸ್ತೆ ಅಪಘಾತಗಳಿಗೆ ಸಂಬಂಧಿಸಿ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ನೆರವಾದವರಿಗೆ ಇಂಥದೇ ರಕ್ಷಣೆ ಕೊಡುವ 134ಎ ಕಲಮು ಸೇರಿದೆ. 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜನ್ನು ಹೊಂದಿರುವ ಊರಿನವರು ಬಿದ್ದವರ ಸುತ್ತ ಮೊಬೈಲಿನಲ್ಲಿ ವಿಡಿಯೋ ಹಿಡಿದು ನಿಂತರೆ ನಮಗೆ ಶೋಭೆಯಲ್ಲ.

ಆಂಬುಲೆನ್ಸ್ ಬಂದ ಮೇಲೆ

ಸಿಬ್ಬಂದಿ ಪಕ್ಕದಲ್ಲಿ ಕುಳಿತು ಕೈಯಿಡುವವರೆಗೆ, ಅಥವಾ ಬಿದ್ದವರೇ ಮಿಸುಕಾಡಿ ಸಹಜವಾಗಿ ಉಸಿರಾಡುವವರೆಗೆ ಒತ್ತುವುದನ್ನು ಮುಂದುವರಿಸಿ. ಬಿದ್ದ ಸಮಯ, ಒತ್ತಲು ತೊಡಗಿದ ಸಮಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊದಲೇ ಇದ್ದ ಹೃದ್ರೋಗ, ದಿನವೂ ತೆಗೆದುಕೊಳ್ಳುವ ಮಾತ್ರೆಗಳು: ಇಷ್ಟನ್ನು ಒಬ್ಬರೇ ಹೇಳಲಿ. ಮಾತ್ರೆಯ ಚೀಟಿಗಳ ಚೀಲವನ್ನೂ ಆಧಾರ್ ಕಾರ್ಡನ್ನೂ ಜೊತೆಗೆ ಕೊಟ್ಟು ಕಳುಹಿಸಿ. ಗಾಡಿಯಲ್ಲಿ ಮನೆಯವರೊಬ್ಬರು ಹೋಗಲಿ, ಉಳಿದವರು ಬೇರೆ ವಾಹನದಲ್ಲಿ ಬರಲಿ.