ಬಿಕ್ಕಟ್ಟಿನ ದಿನಕ್ಕೆ ಮನೆಯ ಲೆಕ್ಕ: ಎಲ್ಲಿಂದ ಶುರು ಮಾಡುವುದು?

ಒಂದು ಭಾನುವಾರ ಬೆಳಿಗ್ಗೆ 7 ಗಂಟೆಗೆ ಮನೆಯ ಮೇನ್ ಸ್ವಿಚ್ ಆರಿಸಿದೆ. ನೀರು ಬರುವ ವಾಲ್ವ್ ತಿರುಗಿಸಿ ಬಂದ್ ಮಾಡಿದೆ. 24 ಗಂಟೆ ಹೀಗೇ ಇರಬೇಕು ಅಂತ ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿದ್ದೆವು. ಯುದ್ಧವೋ, ಭೂಕಂಪವೋ, ಸಾಂಕ್ರಾಮಿಕ ರೋಗವೋ, ದೇಶದ ಹಣಕಾಸು ಮುಗ್ಗರಿಸುವುದೋ, ಸುದ್ದಿಯಲ್ಲಿ ಅದರ ಹೆಸರು ಏನೇ ಇರಲಿ, ಮನೆ ಬಾಗಿಲಿಗೆ ಬರುವಾಗ ಸಮಸ್ಯೆಗಳು ಹೆಚ್ಚುಕಮ್ಮಿ ಅವೇ. ನಲ್ಲಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಫೋನ್ ಹೋಗುತ್ತಿಲ್ಲ.

ಊಟಕ್ಕೇ ತೊಂದರೆಯಾಗುತ್ತದೆ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. 7.20ಕ್ಕೇ ಮೊದಲ ಸಮಸ್ಯೆ ಶುರುವಾಯಿತು, ಶೌಚಾಲಯದಲ್ಲಿ. ಒಂದು ಸಲ ಫ್ಲಶ್ ಮಾಡಿದರೆ 6 ಲೀಟರ್, ಹಳೆಯ ಟ್ಯಾಂಕ್ ಆದರೆ ಇನ್ನೂ ಜಾಸ್ತಿ. ತುಂಬಿಟ್ಟಿದ್ದ 2 ಬಕೆಟ್ ಮಧ್ಯಾಹ್ನದ ಹೊತ್ತಿಗೆ ಖಾಲಿ. ಒಲೆ ಹಚ್ಚೋಣ ಅಂದರೆ, ಗುಂಡಿ ಒತ್ತಿದರೆ ತಾನೇ ಹೊತ್ತಿಕೊಳ್ಳುವ ಒಲೆ ಅದು. ಕಿಡಿ ಹಾರುವುದಕ್ಕೂ ಕರೆಂಟ್ ಬೇಕು. ಮನೆಯಲ್ಲಿ ಒಂದು ಬೆಂಕಿಪೊಟ್ಟಣವೂ ಇರಲಿಲ್ಲ! ಸಂಜೆ ಟಾರ್ಚ್ ತೆಗೆದರೆ ಒಳಗೆ ಸೆಲ್ ಸೋರಿ, ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕೂತಿತ್ತು.

ಹಾಗಾಗಿ ನನ್ನ ಮಟ್ಟಿಗೆ ಮೊದಲ ಹೆಜ್ಜೆ ಏನನ್ನೂ ಕೊಳ್ಳುವುದಲ್ಲ. ಈ ತಾಲೀಮು ಮಾಡುವುದು. ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿ. ಏನಾದರೂ ಬೇಕಾಗಿ ಸಿಗದಿದ್ದಾಗಲೆಲ್ಲ ಬರೆಯಿರಿ. ಮರುದಿನ ನಿಮ್ಮ ಕೈಯಲ್ಲಿರುವುದೇ ನಿಮ್ಮ ಮನೆಗೆ ಬೇಕಾದ ಪಟ್ಟಿ. ಬೇರೆಯವರು ಮಾಡಿಕೊಟ್ಟ 50 ಸಾಮಾನಿನ ಪಟ್ಟಿಗಿಂತ ಅದು ಎಷ್ಟೋ ಮೇಲು. ಒಂದೇ ಎಚ್ಚರಿಕೆ: ಉಸಿರಾಟದ ಯಂತ್ರ ಬಳಸುವವರು ಅಥವಾ ಫ್ರಿಜ್ಜಿನಲ್ಲಿಡುವ ಔಷಧಿ ಇರುವವರು ಮೇನ್ ಸ್ವಿಚ್ ಮುಟ್ಟಬೇಡಿ. ಉಳಿದದ್ದನ್ನು ಮಾತ್ರ ಬಂದ್ ಮಾಡಿ.

ಎಷ್ಟು ದಿನಕ್ಕೆ ಸಿದ್ಧವಾಗಬೇಕು? ಫಿನ್ಲೆಂಡ್ ತನ್ನ ಜನರಿಗೆ 72 ಗಂಟೆಯ ಲೆಕ್ಕ ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟವೂ ಅದನ್ನೇ ಹೇಳಿತು. ಸ್ವೀಡನ್ 2018ರಲ್ಲಿ ಸುಮಾರು 48 ಲಕ್ಷ ಮನೆಗಳಿಗೆ ಕೈಪಿಡಿ ಹಂಚಿತು. 2024ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿ, ಒಂದು ವಾರದ ತಯಾರಿ ಮಾಡಿಕೊಳ್ಳಿ ಎಂದಿತು. ಮೊದಲು 3 ದಿನ ನೋಡಿಕೊಳ್ಳಿ, ಆಮೇಲೆ ನಿಧಾನವಾಗಿ ವಾರಕ್ಕೆ ಹೋಗಿ. ಒಂದೇ ಸಲ ವರ್ಷಕ್ಕಾಗುವಷ್ಟು ಪೇರಿಸಲು ಹೊರಟರೆ ಅರ್ಧ ಹುಳುವಿಗೆ ಹೋಗುತ್ತದೆ.

ನೀರು

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಹಿಡಿಯಿರಿ. 4 ಜನರ ಮನೆಗೆ 3 ದಿನಕ್ಕೆ 36 ಲೀಟರ್. ಸೆಖೆ ಇದ್ದರೆ, ಮನೆಯಲ್ಲಿ ಹಾಲೂಡಿಸುವ ತಾಯಿ ಇದ್ದರೆ ಇನ್ನೂ ಬೇಕು. ತೊಳೆಯುವುದು, ಬಳಿಯುವುದು ಎಲ್ಲ ಸೇರಿದರೆ ಪರಿಹಾರ ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಲೆಕ್ಕ ಇಡುತ್ತಾರೆ. ಕುಡಿಯುವ ನೀರನ್ನು ಮುಚ್ಚಳವಿರುವ ಸ್ವಚ್ಛ ಕ್ಯಾನ್‌ಗಳಲ್ಲಿ ತುಂಬಿ, ಬಿಸಿಲು ಬೀಳದ ಕಡೆ ಇಡಿ. ಕ್ಯಾನ್ ಮೇಲೆ ತಾರೀಖು ಬರೆಯಿರಿ. 6 ತಿಂಗಳಿಗೊಮ್ಮೆ ಬದಲಾಯಿಸಿ. ಹಳೆಯ ನೀರನ್ನು ಗಿಡಕ್ಕೆ ಹಾಕಿದರಾಯಿತು. ಪಾತ್ರೆ ತೊಳೆದ ನೀರು, ಕೈ ತೊಳೆದ ನೀರು ಒಂದು ಬಕೆಟ್ಟಿಗೆ ಬೀಳಲಿ. ಶೌಚಾಲಯಕ್ಕೆ ಅದು ಸಾಕು.

ಕೂಡಿಟ್ಟ ನೀರು ಮುಗಿದು, ಬಾವಿಯದೋ ಕೆರೆಯದೋ ತರಬೇಕಾಗಿ ಬಂತು ಅನ್ನಿ. ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ. ಕೆಸರಾಗಿದ್ದರೆ ಒಂದಷ್ಟು ಹೊತ್ತು ಅಲುಗಾಡಿಸದೆ ಬಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ಆಮೇಲೆ ಕುದಿಸಿ. ಗುಳ್ಳೆ ಏಳುತ್ತಿದೆ ಅಂದ ಕೂಡಲೇ ಇಳಿಸಬೇಡಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಎಣಿಸಿ. ಸಮುದ್ರಮಟ್ಟದಿಂದ 2,000 ಮೀಟರ್‌ಗಿಂತ ಎತ್ತರದಲ್ಲಿದ್ದರೆ 3 ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಹತ್ತು ನಿಮಿಷ ಕುದಿಸುವ ಅಭ್ಯಾಸ ಎಷ್ಟೋ ಜನರಿಗಿದೆ. ಅದು ಸುಮ್ನೆ ಗ್ಯಾಸ್ ದಂಡ.

ಉರಿಸಲು ಏನೂ ಇಲ್ಲವೇ? ಬಟ್ಟೆಗೆ ಹಾಕುವ ಮಾಮೂಲಿ ಬ್ಲೀಚ್ ಆಗುತ್ತದೆ. ಸುವಾಸನೆ ಬೆರೆಸಿರಬಾರದು, ಸೋಡಿಯಂ ಹೈಪೊಕ್ಲೋರೈಟ್ 5ರಿಂದ 6 ಶೇಕಡಾ ಎಂದು ಬಾಟಲಿ ಮೇಲೆ ಬರೆದಿರಬೇಕು. ಲೀಟರ್ ನೀರಿಗೆ 2 ಹನಿ, ನೀರು ಮಬ್ಬಾಗಿದ್ದರೆ 4 ಹನಿ. ಕಲಕಿ, ಅರ್ಧ ಗಂಟೆ ಬಿಡಿ. ಮೂಸಿದರೆ ಕ್ಲೋರಿನ್ ವಾಸನೆ ಸಣ್ಣಗೆ ಬರಬೇಕು. ಬರಲಿಲ್ಲ ಅಂದರೆ ಇನ್ನೊಮ್ಮೆ ಅಷ್ಟೇ ಹಾಕಿ, 15 ನಿಮಿಷ ಕಾಯಿರಿ. ಡ್ರಾಪರ್ ಒಂದನ್ನು ಬಾಟಲಿಗೆ ಈಗಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ, ಆ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ. ಬ್ಲೀಚ್‌ನ ಬಲ ದಿನಕಳೆದಂತೆ ಕಡಿಮೆಯಾಗುತ್ತದೆ, ವರ್ಷ ದಾಟಿದ್ದನ್ನು ನಂಬಬೇಡಿ. ಬೇರೆ ಯಾವ ಕ್ಲೀನರ್ ಜತೆಗೂ ಬೆರೆಸಲೇಬಾರದು, ವಿಷಗಾಳಿ ಬರುತ್ತದೆ.

ಅದೂ ಇಲ್ಲದಿದ್ದರೆ ಬಿಸಿಲು. ಪಾರದರ್ಶಕ ಪೆಟ್ ಪ್ಲಾಸ್ಟಿಕ್ ಬಾಟಲಿಯಲ್ಲಿ, 2 ಲೀಟರ್‌ಗಿಂತ ದೊಡ್ಡದು ಬೇಡ, ತಿಳಿ ನೀರು ತುಂಬಿ ಮಲಗಿಸಿ 6 ಗಂಟೆ ಚೆನ್ನಾದ ಬಿಸಿಲಿಗೆ ಇಡಿ. ಮೋಡ ಕವಿದಿದ್ದರೆ ಪೂರ್ತಿ 2 ದಿನ. ಈ ಮೂರೂ ಉಪಾಯ ಕೊಲ್ಲುವುದು ರೋಗಾಣುವನ್ನು ಮಾತ್ರ. ಎಣ್ಣೆ, ಕೀಟನಾಶಕ, ಕಾರ್ಖಾನೆಯ ರಾಸಾಯನಿಕ ಬೆರೆತ ನೀರನ್ನು ಎಷ್ಟು ಕುದಿಸಿದರೂ ಕುಡಿಯುವಂತಿಲ್ಲ.

ಊಟ ಮತ್ತು ಉರುವಲು

ಪರಿಹಾರ ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, 5 ಗ್ರಾಂ ಉಪ್ಪು, ಜತೆಗೆ ಒಂದಿಷ್ಟು ಸಕ್ಕರೆ ಮತ್ತು ಪೌಷ್ಟಿಕ ಹಿಟ್ಟು ಕೊಡುವ ರೂಢಿ ಇದೆ. ಇದನ್ನೇ ಇಟ್ಟುಕೊಂಡು ಗುಣಿಸಿ. 4 ಜನ, 2 ವಾರ: ಧಾನ್ಯ 22 ಕಿಲೋ ಚಿಲ್ಲರೆ, ಬೇಳೆಕಾಳು ಮೂರೂವರೆ ಕಿಲೋಗೆ ಹತ್ತಿರ, ಎಣ್ಣೆ ಒಂದೂವರೆ ಕಿಲೋದೊಳಗೆ. ಅಷ್ಟೇ ಅಲ್ವಾ? ಅಡುಗೆಮನೆಯ ಒಂದು ಮೂಲೆಗೆ ಸಾಕಾಗುತ್ತದೆ. ಅಂಕಿ ಕಣ್ಣಿಗೆ ಬಿದ್ದ ಮೇಲೆ ನನ್ನ ಗಾಬರಿ ಅರ್ಧಕ್ಕರ್ಧ ಇಳಿಯಿತು.

ಮನೆಯಲ್ಲಿ ದಿನಾ ತಿನ್ನುವುದನ್ನೇ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ. ಪ್ರತಿ ಸಲ ಸಾಮಾನು ತರುವಾಗ ಒಂದೊಂದು ಪೊಟ್ಟಣ ಜಾಸ್ತಿ ತನ್ನಿ. ಹೊಸದು ಹಿಂದೆ, ಹಳೆಯದು ಮುಂದೆ. ಮಕ್ಕಳು ಮುಟ್ಟದ ಡಬ್ಬಿ ತಿಂಡಿಯನ್ನು ಬಿಕ್ಕಟ್ಟಿನಲ್ಲಾದರೂ ತಿಂದಾರು ಎಂದು ತಂದಿಡಬೇಡಿ, ಆಗಲೂ ತಿನ್ನುವುದಿಲ್ಲ.

ದೊಡ್ಡ ತಾಪತ್ರಯ ಉರುವಲಿನದು. ಕಾಳು ರಾತ್ರಿಯೇ ನೆನೆಸಿದರೆ ಬೇಯುವ ಹೊತ್ತು ತುಂಬಾ ಕಡಿಮೆಯಾಗುತ್ತದೆ. ಇನ್ನೊಂದು ಹಳೆಯ ಉಪಾಯ ಹುಲ್ಲಿನ ಪೆಟ್ಟಿಗೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಯುರೋಪಿನ ಮನೆಗಳಲ್ಲಿ ಇದು ಬಳಕೆಯಲ್ಲಿತ್ತು. ಹುಲ್ಲೇ ಬೇಕಿಲ್ಲ. ಒಂದು ರಟ್ಟಿನ ಡಬ್ಬದ ತಳಕ್ಕೆ ದಿಂಬು ಹಾಕಿ. ಭದ್ರ ಮುಚ್ಚಳದ ಮಾಮೂಲಿ ಪಾತ್ರೆಯಲ್ಲಿ ನೆನೆಸಿದ ಬೇಳೆ 10 ನಿಮಿಷ ಚೆನ್ನಾಗಿ ಕುದಿಸಿ. ಉರಿ ಆರಿಸಿದ ತಕ್ಷಣ, ಮುಚ್ಚಳ ತೆಗೆಯದೆ, ಟವಲ್ ಸುತ್ತಿ ಡಬ್ಬದೊಳಗೆ ಕೂರಿಸಿ. ಸುತ್ತಲೂ ಕಂಬಳಿ ತುರುಕಿ, ಮೇಲೊಂದು ದಿಂಬು ಒತ್ತಿ. 3 ಗಂಟೆ ಮುಟ್ಟಬೇಡಿ. ನಾನು ಮೊದಲ ಸಲ ಒಂದು ಗಂಟೆಗೇ ಇಣುಕಿ ನೋಡಿದೆ, ಶಾಖವೆಲ್ಲ ಹೋಗಿ ಬೇಳೆ ಅರೆಬೆಂದು ಕೂತಿತು. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಖಾಲಿ ಜಾಗ ಇದ್ದಷ್ಟೂ ಬೇಗ ತಣಿಯುತ್ತದೆ. ತೆಗೆದ ಮೇಲೆ ಇನ್ನೊಮ್ಮೆ ಕುದಿ ಬರಿಸಿ ಬಡಿಸಿ. ಆದರೆ ರಾಜ್ಮಾಕ್ಕೆ ಈ ಉಪಾಯ ಬೇಡ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷ ಹೋಗಬೇಕಾದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಬೇಕು.

ಕೈತೋಟದ ಬಗ್ಗೆ ಜನ ತುಂಬಾ ಕನಸು ಕಾಣುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮನೆಗಳಲ್ಲಿ ಸುಮಾರು 2 ಕೋಟಿ ಕೈತೋಟಗಳಿದ್ದವು ಎಂಬ ಅಂದಾಜಿದೆ, ನಿಜ. ಆದರೆ ಇವತ್ತು ಸೊಪ್ಪಿನ ಬೀಜ ಹಾಕಿದರೆ ಕೈಗೆ ಬರುವುದು ಮೂರು ನಾಲ್ಕು ವಾರಕ್ಕೆ. ಬಿಕ್ಕಟ್ಟು ಶುರುವಾದ ಮೇಲೆ ಪಾತಿ ಮಾಡುವುದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಕೂಡಲೇ ಬೇಕೆಂದರೆ ಹೆಸರುಕಾಳು ಮೊಳಕೆ ಬರಿಸಿ, ಎರಡು ಮೂರು ದಿನದಲ್ಲಿ ತಯಾರು. ಮೊಳಕೆಯನ್ನು ಹಸಿಯಾಗಿ ತಿನ್ನುವ ಬದಲು ಬೇಯಿಸಿಯೇ ತಿನ್ನಿ. ಹಳೆಯ ಬೀಜವಿದ್ದರೆ 10 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ ಎಷ್ಟು ಮೊಳೆತವೋ ನೋಡಿ. 5 ಮಾತ್ರ ಮೊಳೆತರೆ, ಬಿತ್ತುವಾಗ ಎರಡರಷ್ಟು ಹಾಕಿ.

ಕರೆಂಟ್ ಹೋದಾಗ

ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನೊಳಗಿನ ಊಟ 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟು ಮಂಜುಗಡ್ಡೆ ಮಾಡಿಡಿ. ಒಂದು ಲೋಟ ನೀರನ್ನು ಗಡ್ಡೆ ಕಟ್ಟಿಸಿ, ಮೇಲೆ ಒಂದು ನಾಣ್ಯ ಇಡಿ. ನೀವು ಊರಿನಿಂದ ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಎಸೆದುಬಿಡಿ.

ಬೆಳಕಿಗೆ ಎಲ್‌ಇಡಿ ಟಾರ್ಚ್ ಇರಲಿ, ಮೇಣದಬತ್ತಿ ಕೊನೆಗೆ. ಸೆಲ್ ಹೊರಗೆ ತೆಗೆದು ಜತೆಯಲ್ಲೇ ಇಡಿ, ನಮ್ಮ ಟಾರ್ಚಿಗೆ ಆದ ಗತಿ ನಿಮ್ಮದಕ್ಕೆ ಆಗದಿರಲಿ. ಕೆಂಡದ ಒಲೆ, ಜನರೇಟರ್ ಇವನ್ನು ಮನೆಯೊಳಗೆ ತರಬೇಡಿ, ಕಿಟಕಿ ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಹಟಾತ್ತನೆ ಕರೆಂಟ್ ಹೋಯಿತು. ಮೆಟ್ರೊ ನಿಂತಿತು, ಕಾರ್ಡ್ ನಡೆಯಲಿಲ್ಲ, ಫೋನ್ ಸಿಗ್ನಲ್ ಕೈಕೊಟ್ಟಿತು. ಜನ ಹುಡುಕಿದ್ದು ಸೆಲ್ ಹಾಕುವ ರೇಡಿಯೊ. ನಿಮ್ಮಲ್ಲೂ ಒಂದಿರಲಿ. ಮನೆಯವರ ಫೋನ್ ನಂಬರ್‌ಗಳು ಕಾಗದದ ಮೇಲೂ ಇರಲಿ, ಈಗ ಯಾರಿಗೂ ಬಾಯಿಪಾಠವಿಲ್ಲ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುವುದುಂಟು.

ಔಷಧಿ, ದುಡ್ಡು, ಕಾಗದಪತ್ರ

ದಿನಾ ನುಂಗುವ ಮಾತ್ರೆ ಒಂದೆರಡು ವಾರದ್ದು ಹೆಚ್ಚಿಗೆ ಇರುವಂತೆ ವೈದ್ಯರ ಹತ್ತಿರ ಮಾತಾಡಿ. ಇನ್ಸುಲಿನ್ ಬಳಸಲು ಶುರುಮಾಡಿದ ಮೇಲೆ ಬಹುತೇಕ ಬಗೆಗಳು ತಂಪಾದ ಕೋಣೆಯಲ್ಲಿ ಸುಮಾರು 4 ವಾರ ಕೆಡುವುದಿಲ್ಲ. ನಿಮ್ಮದರ ಪೊಟ್ಟಣ ಓದಿ ನೋಡಿ. ಮಂಜುಗಡ್ಡೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನೀರು ಕೆಟ್ಟಾಗ ಮೊದಲು ಬರುವುದು ಭೇದಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚದ ಮೇಲೆ ಗೋಪುರ ಕಟ್ಟದೆ ಬೆರಳಿನಿಂದ ಸಪಾಟು ಮಾಡಿ ಅಳೆಯಿರಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಬ್ಯಾಂಕ್ ಇದ್ದೇ ಇರುತ್ತದಲ್ಲ ಅಂತೀರಾ? 2015ರ ಬೇಸಿಗೆಯಲ್ಲಿ ಗ್ರೀಸ್‌ನಲ್ಲಿ ಬ್ಯಾಂಕುಗಳು ಸುಮಾರು 3 ವಾರ ಬಾಗಿಲು ಹಾಕಿದ್ದವು. ಎಟಿಎಂನಲ್ಲಿ ದಿನಕ್ಕೆ 60 ಯೂರೊ ಮಾತ್ರ. ಒಂದು ವಾರದ ಖರ್ಚಿನಷ್ಟು ನಗದು, ಸಣ್ಣ ನೋಟುಗಳಲ್ಲಿ, ಮನೆಯಲ್ಲಿರಲಿ. ದೊಡ್ಡ ನೋಟಿಗೆ ಆಗ ಯಾರೂ ಚಿಲ್ಲರೆ ಕೊಡುವುದಿಲ್ಲ. ಗುರುತಿನ ಚೀಟಿ, ಔಷಧಿ ಚೀಟಿ, ಮನೆ ಪತ್ರದ ನಕಲುಗಳನ್ನು ನೀರು ಹೋಗದ ಚೀಲದಲ್ಲಿ ಹಾಕಿಡಿ.

ಗಾಳಿಸುದ್ದಿ ಮತ್ತು ಪಕ್ಕದ ಮನೆ

1973ರ ತೈಲ ಬಿಕ್ಕಟ್ಟಿನಲ್ಲಿ ಜಪಾನಿನಲ್ಲಿ ಟಾಯ್ಲೆಟ್ ಪೇಪರ್ ಸಿಗುವುದಿಲ್ಲ ಎಂಬ ಮಾತು ಹಬ್ಬಿತು. ಜನ ಮುಗಿಬಿದ್ದು ಕೊಂಡರು, ಅಂಗಡಿ ಖಾಲಿಯಾಯಿತು. ಖಾಲಿ ಕಪಾಟು ನೋಡಿ ಉಳಿದವರೂ ಓಡಿದರು. 2020ರಲ್ಲಿ ಹಲವು ದೇಶಗಳಲ್ಲಿ ಅದೇ ಆಟ ಮತ್ತೆ ನಡೆಯಿತು. ಅದಕ್ಕೇ ಸಾಮಾನು ಕೂಡಿಸುವುದು ನೆಮ್ಮದಿಯ ದಿನಗಳಲ್ಲಿ. ಸಾಲು ಶುರುವಾದ ಮೇಲೆ ಹೋಗಿ ನಿಲ್ಲಬೇಡಿ. ಏನೂ ಇಟ್ಟುಕೊಳ್ಳಲಾಗದೆ ದಿನದ ಸಾಮಾನು ದಿನವೇ ಕೊಳ್ಳುವವರ ಪಾಲು ಅದು. ಸುದ್ದಿಯನ್ನು ದಿನಕ್ಕೆ ಎರಡು ಸಲ, ಹೊತ್ತು ಗೊತ್ತು ಮಾಡಿಕೊಂಡು ಕೇಳಿ. ಮಕ್ಕಳ ಎದುರು ದಿನವಿಡೀ ಟಿವಿ ಒದರುವುದು ಬೇಡ.

ಕೊನೆಯ ಕೆಲಸಕ್ಕೆ ದುಡ್ಡು ಖರ್ಚಿಲ್ಲ, ಸ್ವಲ್ಪ ಸಂಕೋಚ ಬಿಡಬೇಕು, ಅಷ್ಟೇ. ಅಕ್ಕಪಕ್ಕದ ಹತ್ತು ಮನೆಗೆ ಹೋಗಿ ಮಾತಾಡಿ. ಯಾರು ಒಬ್ಬರೇ ಇದ್ದಾರೆ, ಯಾರಿಗೆ ನಡೆಯಲಾಗದು, ಯಾರು ನರ್ಸ್, ಯಾರ ಹತ್ತಿರ ಏಣಿ ಇದೆ ಅಂತ ಬರೆದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಕೈಪಂಪ್ ರಿಪೇರಿ ಗೊತ್ತಿರುವ ಅಜ್ಜ ಒಬ್ಬರು ಸಿಕ್ಕರು. ವಾಷರ್ ಸವೆದರೆ ಹಳೆಯ ಚಪ್ಪಲಿಯ ಚರ್ಮ ಕತ್ತರಿಸಿ ಹಾಕಬಹುದು ಅಂತ ಕೂತಲ್ಲೇ ಮಾಡಿ ತೋರಿಸಿದರು. ನಿಮಗೇನು ಬೇಕು ಅಜ್ಜ ಅಂತ ಕೇಳಿದೆ. ಮಾತ್ರೆ ಪೊಟ್ಟಣದ ಮೇಲಿನ ಅಕ್ಷರ ಕಾಣಿಸುವುದಿಲ್ಲ, ಯಾರಾದರೂ ಬಂದು ಬೆಳಗಿನದು, ರಾತ್ರಿಯದು ಬೇರೆ ಮಾಡಿಕೊಟ್ಟರೆ ಸಾಕು ಅಂದರು. ಈಗ ಪ್ರತಿ ಭಾನುವಾರ ನನ್ನ ಮಗಳು ಹೋಗಿ ವಾರದ್ದನ್ನೆಲ್ಲ ಡಬ್ಬಿಗೆ ತುಂಬಿ ಬರುತ್ತಾಳೆ.