ಹಳೇ ರಾಕೆಟ್‌ಗಳ ಹಿಸ್ಟರಿ ತಿಳ್ಕೋಬೇಕಾ? ಶ್ರೀರಂಗಪಟ್ಟಣದಿಂದ ಶುರು ಮಾಡಿ

ಟಿಪ್ಪು ರಾಕೆಟ್ ಅಂದ ತಕ್ಷಣ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರು, ಒಬ್ರು ಪ್ರಪಂಚಕ್ಕೆ ರಾಕೆಟ್ ಕೊಟ್ಟಿದ್ದೇ ನಾವು ಅಂತಾರೆ, ಇನ್ನೊಬ್ರು ಅದೆಲ್ಲ ಪಟಾಕಿ ಬಿಡ್ರೀ ಅಂತಾರೆ. ಎರಡೂ ಕಿವಿಗೆ ಹಾಕ್ಕೋಬೇಡಿ. ಚೀನಾದವರು 13ನೇ ಶತಮಾನದಲ್ಲೇ ಮದ್ದು ತುಂಬಿದ ಬಾಣಗಳನ್ನ ಯುದ್ಧಕ್ಕೆ ತಂದಿದ್ರು, ಹಾಗಾಗಿ ಮೊದಲು ಯಾರು ಅನ್ನೋ ಪ್ರಶ್ನೆ ಇಟ್ಕೊಂಡು ಕೂತ್ರೆ ಏನೂ ಅರ್ಥ ಆಗಲ್ಲ. ಅದರ ಬದಲು ಯಾವ ಹಳೇ ರಾಕೆಟ್ ಕಂಡ್ರೂ ಮೂರು ಕೇಳಿ: ಕೊಳವೆ ಯಾವುದರಿಂದ ಮಾಡಿದ್ದು, ಒಳಗೆ ಉರಿಯೋದು ಏನು, ನೆಟ್ಟಗೆ ಹೋಗೋ ಹಾಗೆ ಹಿಡಿದಿಡೋದು ಏನು.

ಮೊದಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ, ಅಂದ್ರೆ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋಗಿ. ಒಳಗಿನ ವಸ್ತುಗಳಿಗೆ ಆಮೇಲೆ ಬನ್ನಿ, ಮೊದಲು ಪಶ್ಚಿಮದ ಗೋಡೆ ಮುಂದೆ ನಿಂತ್ಕೊಳ್ಳಿ. ಅಲ್ಲಿರೋದು 1780ರ ಸೆಪ್ಟೆಂಬರ್ 10ರಂದು ಮೈಸೂರಿನವರು ಈಸ್ಟ್ ಇಂಡಿಯಾ ಕಂಪನಿಯನ್ನ ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರ. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ಮಧ್ಯೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ನಾಯಕ ಕರ್ನಲ್ ಬೇಲಿ, ಪಕ್ಕದಲ್ಲೇ ಮದ್ದಿನ ಗಾಡಿ ಸಿಡೀತಾ ಇದೆ. ಮೈಸೂರಿನವರ ರಾಕೆಟ್ ಬಿದ್ದೇ ಅದು ಸಿಡಿದಿದ್ದು ಅಂತ ಬಹಳ ಜನ ಬರೆದಿದ್ದಾರೆ, ಗೈಡ್‌ಗಳೂ ಅದನ್ನೇ ಹೇಳ್ತಾರೆ, ಆದ್ರೆ ಇದು ಗೆದ್ದವರು ಬರೆಸಿದ ಚಿತ್ರ ಅನ್ನೋದು ತಲೇಲಿರಲಿ.

ಆಮೇಲೆ ಶಿವಮೊಗ್ಗ. ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ರ ಒಂದು ಹಾಳು ಬಾವೀಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ವು, 2002ರಲ್ಲೂ ಅದೇ ಕಡೆ ಒಂದಷ್ಟು ಸಿಕ್ಕಿದ್ವು. ಇವು ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂಗೆ ಬಂದಿವೆ, ಆದ್ರೆ ಹೊರಡೋ ಮುಂಚೆ ಫೋನ್ ಮಾಡಿ ಡಿಸ್‌ಪ್ಲೇನಲ್ಲಿ ಇದ್ಯಾ ಅಂತ ಕೇಳ್ಕೊಳ್ಳಿ. ನೋಡೋಕೆ ತುಕ್ಕು ಹಿಡಿದ ಗಿಡ್ಡ ಪೈಪ್ ತುಂಡು, ಅಷ್ಟೇನಾ ಅನ್ಸುತ್ತೆ. ಇಲ್ಲೇ ಮೊದಲನೇ ಪ್ರಶ್ನೆ ಕೇಳಿ: ಕೊಳವೆ ಕಬ್ಬಿಣದ್ದು. ದೀಪಾವಳಿ ರಾಕೆಟ್ ಥರ ಕಾಗದದ್ದೋ ಬಿದಿರಿಂದೋ ಆಗಿದ್ರೆ ಒಳಗಿನ ಒತ್ತಡ ಜಾಸ್ತಿ ಆದ್ರೆ ಅದೇ ಒಡೆದು ಹೋಗುತ್ತೆ, ಕಬ್ಬಿಣ ತಡ್ಕೊಳುತ್ತೆ, ಹಾಗಾಗಿ ಮದ್ದನ್ನ ಗಟ್ಟಿಯಾಗಿ ತುಂಬಬಹುದು, ಅದಕ್ಕೇ ಇವು ಒಂದು ಕಿಲೋಮೀಟರ್ ದಾಟಿ ಹೋಗ್ತಿದ್ವು. ನೆಟ್ಟಗೆ ಹೋಗೋಕೆ ಉದ್ದನೇ ಬಿದಿರು, ಚರ್ಮದ ಪಟ್ಟೀಲಿ ಬಿಗಿದಿರೋದು. ಗುರಿ ಮಾತ್ರ ಅಷ್ಟಕ್ಕಷ್ಟೇ. ಆದ್ರೂ 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ರದ ಸುಲ್ತಾನ್‌ಪೇಟೆ ತೋಪಲ್ಲಿ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ, ಅಂದ್ರೆ ಮುಂದೆ ವಾಟರ್ಲೂ ಗೆದ್ದ ಅದೇ ವೆಲ್ಲಿಂಗ್ಟನ್, ಕತ್ತಲೇಲಿ ರಾಕೆಟ್ಟು ಬಂದೂಕಿನ ಏಟು ತಿಂದು ದಿಕ್ಕು ತಪ್ಪಿ ವಾಪಸ್ ಬಂದಿದ್ದ.

ಮೇ 4ಕ್ಕೆ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು, ರಾಕೆಟ್‌ಗಳು ಇಂಗ್ಲೆಂಡ್‌ಗೆ ಹೋದ್ವು. ವುಲ್‌ವಿಚ್‌ನ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಅದೇ ದಾರೀಲಿ ಪ್ರಯೋಗ ಮಾಡಿ ದೊಡ್ಡದು ಮಾಡಿದ, 1807ರಲ್ಲಿ ಕೋಪನ್‌ಹೇಗನ್ ಸುಟ್ಟಿದ್ರಲ್ಲಿ ಇವೂ ಇದ್ವು, 1814ರಲ್ಲಿ ಬಾಲ್ಟಿಮೋರ್ ಕೋಟೆ ಮೇಲೆ ಬಿಟ್ಟಿದ್ದು ಅಮೆರಿಕದ ರಾಷ್ಟ್ರಗೀತೆಯಲ್ಲೇ ಇದೆ. ಕಾಂಗ್ರೀವ್‌ದೂ ಕೋಲು ಕಟ್ಟಿದ್ದೇ. 1844ರಲ್ಲಿ ವಿಲಿಯಂ ಹೇಲ್ ಅನ್ನೋನು ಕೋಲು ಬಿಟ್ಟು, ಹೊಗೆ ಬರೋ ತೂತುಗಳನ್ನ ಓರೆ ಮಾಡಿ ರಾಕೆಟ್ಟೇ ಗಿರಗಿರ ತಿರುಗೋ ಹಾಗೆ ಮಾಡಿದ.

ಎರಡನೇ ಪ್ರಶ್ನೆಗೆ, ಅಂದ್ರೆ ಉರಿಯೋದು ಏನು ಅನ್ನೋದಕ್ಕೆ, ಉತ್ತರ ಬದಲಾಗೋಕೆ 1926ರ ವರೆಗೆ ಕಾಯ್ಬೇಕು. ಮಾರ್ಚ್ 16, ಮ್ಯಾಸಚೂಸೆಟ್ಸ್‌ನ ಆಬರ್ನ್‌ನಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಪೆಟ್ರೋಲು ಮತ್ತೆ ದ್ರವ ಆಮ್ಲಜನಕ ಹಾಕಿ ಹಾರಿಸಿದ್ದು ಎರಡೂವರೆ ಸೆಕೆಂಡು, ಎತ್ತರ 41 ಅಡಿ, ತೆಂಗಿನ ಮರಕ್ಕಿಂತ ಕಡಿಮೆ! ಫೋಟೋ ಸಿಕ್ಕಿದ್ರೆ ನೋಡಿ, ಎಂಜಿನ್ ಮೇಲೆ, ಟ್ಯಾಂಕ್ ಕೆಳಗೆ, ಹಾಗಿಟ್ರೆ ನೆಟ್ಟಗೆ ಹೋಗುತ್ತೆ ಅನ್ಕೊಂಡಿದ್ದ, ಹೋಗಲ್ಲ ಅಂತ ಗೊತ್ತಾದ್ಮೇಲೆ ಎಂಜಿನ್ ಕೆಳಗಿಟ್ಟ.

ಮೂರನೇ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟಿದ್ದು ಜರ್ಮನಿಯ ವಿ-2. 1942ರ ಅಕ್ಟೋಬರ್ 3ರಂದು ಪೀನೆಮ್ಯುಂಡೆಯಿಂದ ಸರಿಯಾಗಿ ಹಾರಿತು. 14 ಮೀಟರ್ ಉದ್ದ, ಆಲ್ಕೋಹಾಲು ದ್ರವ ಆಮ್ಲಜನಕ, ಒಳಗೆ ದಿಕ್ಕು ತಪ್ಪಿದ್ರೆ ಗುರುತಿಸೋ ಗೈರೋಸ್ಕೋಪ್, ಬೆಂಕಿ ಹೊರಗೆ ಬರೋ ಜಾಗದಲ್ಲೇ ಗ್ರಾಫೈಟ್ ಚುಕ್ಕಾಣಿ. 1944ರ ಸೆಪ್ಟೆಂಬರ್‌ನಿಂದ ಲಂಡನ್ ಮೇಲೆ ಬೀಳೋಕೆ ಶುರು. ಇದನ್ನ ಹೊಗಳೋ ವಿಡಿಯೋ ನೋಡುವಾಗ ಮಿಟ್ಟೆಲ್‌ಬಾವ್-ಡೋರಾ ಅನ್ನೋ ನಾಜಿ ಸೆರೆಶಿಬಿರದ ಹೆಸರು ಬರುತ್ತಾ ಅಂತ ಗಮನಿಸಿ, ಅಲ್ಲಿನ ಸುರಂಗದಲ್ಲಿ ಸೆರೆಯಾಳುಗಳು ಸಾಯ್ತಾ ಸಾಯ್ತಾ ಕಟ್ಟಿದ ರಾಕೆಟ್ ಇದು. ಆ ಹೆಸರೇ ಎತ್ತದ ವಿಡಿಯೋ ನನ್ನ ಪ್ರಕಾರ ಅರ್ಧ ಕತೆ. ಯುದ್ಧ ಮುಗಿದ್ಮೇಲೆ ಅಮೆರಿಕ ರಷ್ಯಾ ಇಬ್ರೂ ಇದರಿಂದಲೇ ಕಲಿತ್ರು, 1957ರಲ್ಲಿ ಸ್ಪುಟ್ನಿಕ್ ಹೊತ್ತೊಯ್ದ ಆರ್-7 ಕೂಡ ಮೊದಲು ಕ್ಷಿಪಣಿಯಾಗಿ ಹುಟ್ಟಿದ್ದು.

ಇಷ್ಟು ಆದ್ಮೇಲೆ ಕೇರಳ ಕಡೆ ಹೋದಾಗ ತಿರುವನಂತಪುರದ ಹತ್ರ ತುಂಬಾ ಅನ್ನೋ ಊರಿನ ರಾಕೆಟ್ ಕೇಂದ್ರಕ್ಕೆ ಹೋಗಿ. 1963ರ ನವೆಂಬರ್ 21ಕ್ಕೆ ಅಲ್ಲಿಂದ ಮೊದಲು ಹಾರಿದ್ದು ಅಮೆರಿಕದ ನೈಕಿ-ಅಪಾಚೆ ರಾಕೆಟ್, ನಮ್ದಲ್ಲ. ಆಗ ಆಫೀಸ್ ಮಾಡ್ಕೊಂಡಿದ್ದ ಮೇರಿ ಮ್ಯಾಗ್ಡಲೀನ್ ಚರ್ಚೇ ಈಗ ಸ್ಪೇಸ್ ಮ್ಯೂಸಿಯಂ, ಅಲ್ಲಿರೋ ರಾಕೆಟ್‌ಗಳಿಗೂ ಅದೇ ಮೂರು ಪ್ರಶ್ನೆ ಕೇಳಿ ನೋಡಿ.