ಹಂಪ್ ಬಗ್ಗೆ ದೂರು ಕೊಡೋ ಮುಂಚೆ ಟೇಪ್ ಹಿಡಿದು ಅಳೀರಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಡಾವಣೆಗಳಲ್ಲಿ ಬಿಳಿ ಪಟ್ಟೆ ಅಳಿಸಿಹೋದ ಹಂಪ್ ರಾತ್ರಿ ಕಾಣೋದೇ ಇಲ್ಲ. ಸ್ಕೂಟರ್‌ನಲ್ಲಿ ಹಿಂದೆ ಕೂತವರು, ಸೈಕಲ್ ತುಳಿಯೋ ಮಕ್ಕಳು ಎಗರಿ ಬೀಳ್ತಾರೆ. ಬರೀ "ಹಂಪ್ ಸರಿ ಇಲ್ಲ" ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಅಳತೆ ಸಮೇತ ಹೇಳಿ. ರಸ್ತೆ ಹೇಗಿರಬೇಕು ಅಂತ ನಿಯಮ ರೂಪಿಸೋ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟೋ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಹೋಗೋ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ನಮ್ಮ ಕಡೆ ಎಷ್ಟೋ ಹಂಪ್‌ಗಳು ಒಂದು ಮೊಳ ಅಗಲದ ಚೂಪು ದಿಬ್ಬಗಳು, ನಡು ಮುರಿಯೋದೇ ಅದಕ್ಕೆ. ಟೇಪ್ ಇಟ್ಟು ಒಂದು ಫೋಟೋ, ರಾತ್ರಿ ಹೊತ್ತು ಇನ್ನೊಂದು ತೆಗೀರಿ. ಪಾಲಿಕೆ ಸಹಾಯವಾಣಿ 1533ಕ್ಕೆ ಕರೆ ಮಾಡಿ, ಹತ್ತಿರದ ಲೈಟ್ ಕಂಬದ ಗುರುತು ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫೋಟೋ ವಾರ್ಡ್ ಇಂಜಿನಿಯರ್‌ಗೆ ಕಳಿಸಿ. ದಯವಿಟ್ಟು ನೀವೇ ಸಿಮೆಂಟ್ ಸುರಿದು ಹಂಪ್ ಮಾಡಿಸಬೇಡಿ.